ಕೆರೆಯಮ್ಮ ಬಾಗಿಲಲ್ಲಿ ನಿಂತ ದಿನ

ನಮ್ಮೂರಿಗೆ ಹೆಣ್ಣು ಕೊಡುವವರು ಗಂಡಿನ ಮುಖ ಆಮೇಲೆ ನೋಡುತ್ತಾರೆ, ಮೊದಲು ಮನೆಯ ಹಿಂಬಾಗಿಲು ನೋಡುತ್ತಾರೆ. ಅದು ಮುಂಬಾಗಿಲಿಗೆ ನೇರವಾಗಿದೆಯೇ, ಅದರ ಹೊಸ್ತಿಲು ಮುಂದಿನದಕ್ಕಿಂತ ತಗ್ಗಿನಲ್ಲಿದೆಯೇ, ಹಿತ್ತಿಲ ಮೋರಿಯಲ್ಲಿ ಹುಲ್ಲು ಬೆಳೆದಿದೆಯೇ ಎಂದು ಬಗ್ಗಿ ನೋಡಿ, ಆಮೇಲೆ ಬಂದು ಕಾಫಿ ಕುಡಿಯುತ್ತಾರೆ. ನನ್ನನ್ನು ಈ ಊರಿಗೆ ಕೊಡುವಾಗ ನಮ್ಮಪ್ಪನೂ ಹಾಗೇ ನೋಡಿದ್ದ. ಮೋರಿ ಚೆನ್ನಾಗಿತ್ತು. ಗಂಡ ಹೇಗಿದ್ದ ಅನ್ನುವುದು ಈಗ ಬೇಡ, ಪುಣ್ಯಾತ್ಮ ಒಳಗೆ ಮಲಗಿದ್ದಾನೆ, ಕೇಳಿಸಿಕೊಂಡಾನು.

ಇದೆಲ್ಲ ಕೆರೆಯಮ್ಮನಿಗೋಸ್ಕರ. ಶ್ರಾವಣದಲ್ಲಿ ಕೆರೆ ತುಂಬಿದ ಮೇಲೆ ಒಂದು ದಿನ ಅವಳು ಏರಿ ದಾಟಿ, ದಿಬ್ಬ ಹತ್ತಿ, ಊರೊಳಗೆ ಬರುತ್ತಾಳೆ. ಯಾವ ದಿನ ಅಂತ ಮೊದಲೇ ಹೇಳುವ ಹಾಗಿಲ್ಲ. ಹಿಂದಿನ ದಿನ ಕಪ್ಪೆಗಳೆಲ್ಲ ಒಟ್ಟಿಗೇ ಬಾಯಿ ಮುಚ್ಚಿಕೊಳ್ಳುತ್ತವೆ, ಅಷ್ಟೇ ಗುರುತು. ಮಾರನೆಯ ದಿನ ಬೀದಿಗೆ ಸಗಣಿ ನೀರು ಹಾಕಿ ರಂಗೋಲಿ ಬಿಟ್ಟು ಕೈ ತೊಳೆಯುವಷ್ಟರಲ್ಲಿ ಮೊಣಕಾಲೆತ್ತರದ ನೀರು ಬೀದಿ ತುಂಬ ನಡೆದುಕೊಂಡು ಬರುತ್ತದೆ. ಅವಸರವಿಲ್ಲ, ಸದ್ದಿಲ್ಲ. ಮನೆಮನೆಗೂ ಒಬ್ಬೊಬ್ಬರದೇ ಸರದಿ. ಮುಂಬಾಗಿಲಿನಿಂದ ಒಳಗೆ ಬಂದು, ಪಡಸಾಲೆ, ನಡುಮನೆ, ಅಡುಗೆಮನೆ ಎಲ್ಲ ನೋಡಿಕೊಂಡು, ಹಿಂಬಾಗಿಲಿನಿಂದ ಇಳಿದು ಹಿತ್ತಿಲ ಮೋರಿ ಹಿಡಿದು ಕೆರೆಗೆ ವಾಪಸ್ಸು. ಒಂದು ಮನೆ ಮುಗಿಯುವವರೆಗೂ ಉಳಿದ ನೀರು ಬೀದಿಯಲ್ಲಿ ಕಾದು ನಿಂತಿರುತ್ತದೆ, ಮುಗಿದ ಮೇಲೆ ಪಕ್ಕದ ಬಾಗಿಲಿಗೆ ಹೆಜ್ಜೆ. ಮನೆಯಾಕೆ ಹಿಂಬಾಗಿಲಲ್ಲಿ ನಿಂತು ಒಂದು ಚಿಟಿಕೆ ಅರಿಶಿನ ಕುಂಕುಮ ನೀರಿಗೆ ಬಿಟ್ಟು "ಹೋಗಿ ಬಾ ತಾಯಿ" ಅನ್ನಬೇಕು. ಅಲ್ಲಿಯವರೆಗೆ ಅವಳು ಹೊರಡುವುದಿಲ್ಲ. ನಾವಾದರೂ ಅಷ್ಟೇ ಅಲ್ಲವೇ, ಕುಂಕುಮ ಇಸಿದುಕೊಳ್ಳದೆ ಯಾರ ಮನೆಯಿಂದ ಎದ್ದಿದ್ದೇವೆ?

ಬೀದಿಯಲ್ಲಿ ಕೆರೆಯ ಕಡೆಯಿಂದ ಮೊದಲನೆಯ ಮನೆ ನಮ್ಮದು. ಹಾಗಾಗಿ ಅವಳು ಮೊದಲು ಕಾಲಿಡುವುದು ನನ್ನ ಮನೆಗೇ. ಆ ಜಂಬ ನನಗಿದೆ, ಇಲ್ಲ ಅಂತ ಯಾಕೆ ಸುಳ್ಳು ಹೇಳಲಿ? ಎರಡನೆಯ ಮನೆ ಈರಾಜಮ್ಮನದು. ಎರಡು ಮನೆಗೂ ನಡುವೆ ಒಂದೇ ಗೋಡೆ.

ಬರುವವಳನ್ನು ತಡೆಯಬಾರದು, ಬಂದವಳಿಗೆ ದಾರಿ ಬಿಡಬೇಕು. ನಮ್ಮೂರ ಮನೆಗಳ ಗುಟ್ಟೆಲ್ಲ ಇಷ್ಟೇ. ಗೋಡೆಗಳ ಮೇಲೆ ಮೊಣಕಾಲಿಗಿಂತ ಒಂದು ಗೇಣು ಮೇಲೆ ಕೆಮ್ಮಣ್ಣಿನ ಗೆರೆ ಎಳೆದಿರುತ್ತೇವೆ. ಗೆರೆಯ ಕೆಳಗೆ ಬೆಲ್ಲ ಮತ್ತು ಅಳಲೆಕಾಯಿ ನೀರು ಹಾಕಿ ಅರೆದ ಸುಣ್ಣದ ಗಾರೆ, ಕನ್ನಡಿಯ ಹಾಗೆ ಉಜ್ಜಿದ್ದು. ಗೆರೆಯ ಮೇಲೆ ಬರೀ ಮಣ್ಣು. ಅಕ್ಕಿ, ರಾಗಿ, ಹಾಸಿಗೆ, ಬಟ್ಟೆಯ ಟ್ರಂಕು ಎಲ್ಲ ಗೆರೆಯ ಮೇಲೆ ಹೋಗಬೇಕು. ಬೀರುವಿಗೆ ಕಲ್ಲಿನ ಕಾಲು, ಬಾಗಿಲಿನ ಬುಡಕ್ಕೆ ತಾಮ್ರದ ತಗಡು, ಇಲಿಯ ಬಿಲಕ್ಕೆ ಗಾಜಿನ ಚೂರು ಸೇರಿಸಿದ ಗಾರೆ. ಅವಳು ಹೋದ ಮೇಲೆ ಕಿಟಕಿಗಳನ್ನೆಲ್ಲ ತೆಗೆದು, ಒಣಬಟ್ಟೆಯಲ್ಲಿ ನೆಲ ಒರೆಸಿ, ಸಾಂಬ್ರಾಣಿ ಹೊಗೆ ಹಾಕಿದರೆ ಮಧ್ಯಾಹ್ನದ ಊಟದ ಹೊತ್ತಿಗೆ ನೀರು ಬಂದಿತ್ತು ಅನ್ನುವುದೇ ಮರೆತುಹೋಗುತ್ತದೆ.

ಇದನ್ನು ಒಪ್ಪದವರೂ ಇದ್ದರು. ಕಿರಾಣಿ ಅಂಗಡಿಯ ಜವರಪ್ಪ ಒಂದು ವರ್ಷ "ನನ್ ಅಂಗ್ಡಿ ಉಪ್ಪು ಸಕ್ಕರೆ ಏನಾಗ್ಬೇಕು" ಅಂತ ಹಿಂಬಾಗಿಲಿಗೆ ಇಟ್ಟಿಗೆ ಕಟ್ಟಿಸಿಬಿಟ್ಟ. ಮುಂಬಾಗಿಲು ಮಾತ್ರ ಗಿರಾಕಿಗಳಿಗೆ ಅಂತ ತೆರೆದೇ ಇಟ್ಟಿದ್ದ. ಕೆರೆಯಮ್ಮ ಒಳಗೆ ಬಂದಳು, ಹೊರಗೆ ಹೋಗಲು ದಾರಿ ಕಾಣಲಿಲ್ಲ, ಕೂತುಬಿಟ್ಟಳು. ದೀಪಾವಳಿಯವರೆಗೂ ಕೂತಿದ್ದಳು. ಜವರಪ್ಪ ಅಂಗಡಿಯ ಗಲ್ಲಾಪೆಟ್ಟಿಗೆಯ ಮೇಲೆ ಮಲಗಿ, ಮಂಡಿಯುದ್ದ ನೀರಲ್ಲಿ ನಿಂತು ಬೇಳೆ ತೂಗಿದ. ಕೊನೆಗೆ ಇಟ್ಟಿಗೆ ಒಡೆಸಿ, ಮೋರಿ ತೋಡಿಸಿ, ಅರಿಶಿನ ಕುಂಕುಮ ಬಿಟ್ಟು ಕಳಿಸಿದ್ದು ಯಾರು ಅಂತೀರಿ? ನಮ್ಮ ಈರಾಜಮ್ಮ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ, ಇವನು ತೆಗೆದ.

ಈರಾಜಮ್ಮನ ವಿಷಯ ಹೇಳಲು ಶುರುಮಾಡಿದರೆ ನನಗೆ ನಿಲ್ಲಿಸಲು ಬರುವುದಿಲ್ಲ. ಬೈದರೆ ತಲೆತಲಾಂತರವನ್ನೆಲ್ಲ ಹಿಡಿದು ಬೈಯುವ ಬಾಯಿ, ಆದರೆ ಕೈ ಇಟ್ಟ ಕೆಲಸ ಬಂಗಾರ. ಆಷಾಢ ಕಳೆಯಿತು ಅಂದರೆ ಕರೆಯದಿದ್ದರೂ ಮನೆಮನೆಗೆ ನುಗ್ಗುತ್ತಿದ್ದಳು. ಗೋಡೆಯ ಉದ್ದಕ್ಕೂ ಬೆರಳ ಗೆಣ್ಣಿನಿಂದ ಕುಟ್ಟುತ್ತ ಹೋಗಿ, ಒಂದು ಕಡೆ ನಿಂತು, "ಇಲ್ಲಿ ಗಾರೆ ಬಿಟ್ಕೊಂಡಿದೆ, ಒಳಗೆ ಪೊಳ್ಳು. ಕಿತ್ತಾಕಿ ಹೊಸದಾಗಿ ಮೆತ್ತು" ಅನ್ನುತ್ತಿದ್ದಳು. ಕಿತ್ತು ನೋಡಿದರೆ ಪೊಳ್ಳೇ. ಮುಂಬಾಗಿಲಲ್ಲಿ ಒಂದು ಚೊಂಬು ನೀರು ಸುರಿದು, ಸೊಂಟಕ್ಕೆ ಸೆರಗು ಸಿಕ್ಕಿಸಿ ಅದರ ಹಿಂದೆಯೇ ಹೋಗುತ್ತಿದ್ದಳು. ನೀರು ಎಲ್ಲಾದರೂ ತಡವರಿಸಿದರೆ ಆ ಮನೆಯವಳಿಗೆ ಗ್ರಹಚಾರ ಕಾದಿತ್ತು. ಒಮ್ಮೆ ನನ್ನ ನಡುಮನೆಯಲ್ಲಿ ನೀರು ನಿಂತಾಗ "ನೆಲವೇ ಸರಿಯಾಗಿಲ್ಲ ಈರಾಜಕ್ಕ, ನಾನೇನು ಮಾಡ್ಲಿ" ಅಂದೆ. "ಕುಣಿಯಕ್ಕೆ ಬರ್ದೋಳು ನೆಲ ಡೊಂಕು ಅಂದ್ಲಂತೆ! ನಿನ್ ಸೋಮಾರಿತನ ಡೊಂಕು ಕಣೇ ಭದ್ರಿ" ಅಂತ ಅಂದು, ಅವತ್ತು ಮಧ್ಯಾಹ್ನ ತಾನೇ ಕೂತು ನನ್ನ ನೆಲ ಉಜ್ಜಿಕೊಟ್ಟಳು. ನನ್ನ ಹೆಸರು ಭದ್ರಮ್ಮ. ಮುಂದಿನ ಜಗಲಿಯಲ್ಲಿ ಇಡ್ಲಿ ಮಾಡಿ ಮಾರುತ್ತೇನೆ. ಇಡ್ಲಿ ತಿಂದು ಹೋಗುವವರೂ ನನ್ನ ನೆಲ ಹೊಗಳುತ್ತಾರೆ, ನಾನು ಸುಮ್ಮನೆ ಹೊಗಳಿಸಿಕೊಳ್ಳುತ್ತೇನೆ.

ಈರಾಜಮ್ಮನ ಗಂಡ ಹೋಗಿ ಬಹಳ ವರ್ಷವಾಗಿತ್ತು. ಆದರೂ ಹಿಂಬಾಗಿಲಲ್ಲಿ ನಿಂತು ಕುಂಕುಮ ಬಿಡುವವಳು ಅವಳೇ. ಯಾರೋ ಒಬ್ಬರು "ನೀನು ಕೊಡಬಹುದಾ" ಅಂತ ಕೇಳಿದ್ದಕ್ಕೆ, "ಇಸ್ಕೊಳ್ಳೋಳು ಕೇಳ್ಲಿಲ್ಲ, ನಿಂದೇನು?" ಅಂದಿದ್ದಳು. ಅವಳ ಒಬ್ಬನೇ ಮಗ ನಿಂಗರಾಜು, ಮದುವೆ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುತ್ತಾನೆ. ಊದುವುದು ಬಿಟ್ಟು ಇನ್ನೇನು ಬರುತ್ತದೆ ಅಂತ ಕೇಳಬೇಡಿ. ಎಲ್ಲೋ ದೂರದ ಊರಿನ ಮದುವೆಯಲ್ಲಿ ಊದಲು ಹೋದವನು ಆ ಮನೆಯವರ ನೆಂಟರ ಹುಡುಗಿ ತಾರಾಮಣಿಯನ್ನು ಮದುವೆಯಾಗಿ ಬಂದ. ಅವಳ ಕಡೆಯವರು ನೀನು ನಮ್ಮ ಪಾಲಿಗೆ ಸತ್ತೆ ಅಂದುಬಿಟ್ಟರು. ಸೊಸೆ ಹೊಸ್ತಿಲು ದಾಟಿ ಒಳಗೆ ಬಂದ ದಿನ ಈರಾಜಮ್ಮ ಅವಳ ಗಲ್ಲ ಹಿಡಿದೆತ್ತಿ, "ಅವ್ರ ಪಾಲಿಗೆ ಸತ್ರೆ ನಮ್ ಪಾಲಿಗೆ ಹುಟ್ಟಿದೀಯ, ಬಾ, ಊಟ ಮಾಡು" ಅಂದಳು. ನನಗೆ ಅಲ್ಲೇ ಕಣ್ಣು ತುಂಬಿತ್ತು.

ತಾರ ಬಸುರಾದಳು. ನಮ್ಮೂರಲ್ಲಿ ಬಸುರಿಯರು ಕೆರೆಯಮ್ಮ ಬರುವ ಹೊತ್ತಿಗೆ ಊರಲ್ಲಿ ಇರುವುದಿಲ್ಲ. ಎಲ್ಲರೂ ತವರಿಗೆ ಹೋಗಿಬಿಡುತ್ತಾರೆ, ಚೊಚ್ಚಲಾದರೂ ಅಷ್ಟೇ, ನಾಲ್ಕನೆಯದಾದರೂ ಅಷ್ಟೇ. ತಾರನಿಗೆ ತವರು ಎಲ್ಲಿಂದ ಬರಬೇಕು? ಆಚೆ ಊರಿನಲ್ಲಿರುವ ನಮ್ಮ ಅಕ್ಕನ ಮನೆಗೆ ಕಳಿಸೋಣ ಅಂತ ನಾನೂ ಈರಾಜಮ್ಮನೂ ಮಾತಾಡಿಕೊಂಡೆವು. ಗಾಡಿಯನ್ನೂ ಗೊತ್ತುಮಾಡಿದ್ದೆವು. ಅಷ್ಟರಲ್ಲಿ ತಿಂಗಳು ತುಂಬುವ ಮೊದಲೇ ನೋವು ಶುರುವಾಗಿ ಹೆರಿಗೆಯೂ ಆಗಿಹೋಯಿತು. ಹೆಣ್ಣುಮಗು. ಅಂಗೈ ಮೇಲೆ ಮಲಗಿಸಬಹುದಾದಷ್ಟು ಇತ್ತು. ಅಳು ಬೆಕ್ಕಿನ ಮರಿಯ ಹಾಗೆ. ಮೊಲೆ ಹಿಡಿಯುವ ಶಕ್ತಿಯಿರಲಿಲ್ಲ, ಹತ್ತಿಯ ಬತ್ತಿಯನ್ನು ಹಾಲಲ್ಲಿ ಅದ್ದಿ ತುಟಿಗೆ ಹಿಂಡುತ್ತಿದ್ದೆವು.

ಹೆರಿಗೆ ಮಾಡಿಸಿದ ನರ್ಸ್ ಫಿಲೋಮಿನಮ್ಮ ಹೊರಡುವಾಗ ಈರಾಜಮ್ಮನ ಕೈ ಹಿಡಿದುಕೊಂಡು ಹೇಳಿದರು: "ನೋಡಿ ಅಮ್ಮಾ, ಇಬ್ರನ್ನೂ ಅಲ್ಲಾಡಿಸ್ಬೇಡಿ. ತಂಡಿ ತಗುಲ್ಬಾರ್ದು. ಈ ಕೋಣೆ ಗೋಡೆ ಒಂಚೂರು ಬೆವರಿದ್ರೂ ಮಗು ಎದೆ ಕಟ್ಕೊಳ್ಳುತ್ತೆ. ಆಮೇಲೆ ನನ್ ಕೈಲೇನೂ ಆಗಲ್ಲ."

ಈರಾಜಮ್ಮ ತಲೆಯಾಡಿಸಿದಳು. ಅವಳ ಮುಖ ನೋಡಿದರೆ ನನಗೆ ಹೆದರಿಕೆಯಾಯಿತು. ಬೇರೆಯವರ ಮನೆಯ ಗೋಡೆ ಕುಟ್ಟಿ ಬೈಯುತ್ತಿದ್ದವಳು ಈಗ ತನ್ನ ಮನೆಯ ಗೋಡೆ ಕುಟ್ಟುತ್ತ ಬಾಯಿ ಬಿಡದೆ ಓಡಾಡುತ್ತಿದ್ದಳು. ನಡುಮನೆಗೆ ಅಂಟಿಕೊಂಡ ಬಾಣಂತಿ ಕೋಣೆಗೆ ಎರಡು ಸಲ ಗಾರೆ ಮೆತ್ತಿದಳು. ಅಗ್ಗಿಷ್ಟಿಕೆಯಲ್ಲಿ ಕೆಂಡ ಆರದ ಹಾಗೆ ನೋಡಿಕೊಂಡಳು. ತಾರ ಮಲಗಿದ್ದ ಮಂಚದ ನಾಲ್ಕು ಕಾಲಿಗೂ ಕಲ್ಲು ಕೊಟ್ಟು ಎತ್ತರ ಮಾಡಿಸಿದಳು. ತೊಟ್ಟಿಲನ್ನು ಜಂತೆಗೆ ಕಟ್ಟಿಸಿದಳು.

ಬಾಗಿಲಿನ ವಿಷಯದಲ್ಲಿ ಮಾತ್ರ ಊರೇ ಒಂದು ಮಾತು ಹೇಳಿತು. ಸಾವಾದ ಮನೆಯವರು ಸೂತಕ ಕಳೆಯುವವರೆಗೆ ಬಾಗಿಲು ಹಾಕಿ, ಚಿಲಕಕ್ಕೆ ಬೇವಿನ ಸೊಪ್ಪು ಸಿಕ್ಕಿಸುತ್ತಾರೆ. ಕೆರೆಯಮ್ಮ ಆ ಬಾಗಿಲ ಮುಂದೆ ಒಂದು ಗಳಿಗೆ ನಿಂತು ಮುಂದಿನ ಮನೆಗೆ ಹೋಗುತ್ತಾಳೆ. ನಾವೆಲ್ಲ ಕಣ್ಣಾರೆ ಕಂಡಿದ್ದು. ಹೆತ್ತ ಮನೆಯ ಪುರುಡೂ ಮೈಲಿಗೆಯೇ ಅಲ್ಲವೇ? ಆ ಮೈಲಿಗೆಯಲ್ಲಿ ಅವಳನ್ನು ಕರೆಯುವುದು ಹೇಗೆ? ಬೇವಿನ ಸೊಪ್ಪು ಸಿಕ್ಕಿಸಿದರೆ ಅವಳು ತಾನಾಗೇ ಮುಂದೆ ಹೋಗುತ್ತಾಳೆ, ಕೋಣೆಯೂ ಒಣಗಿರುತ್ತದೆ, ಮಗುವೂ ಉಳಿಯುತ್ತದೆ. ನಾನೂ ಹಾಗೇ ಹೇಳಿದೆ. ಈರಾಜಮ್ಮನಿಗೂ ಅದೇ ಬೇಕಾಗಿತ್ತು. ಬಾಗಿಲಿನ ಎರಡು ರೆಕ್ಕೆಗಳ ಸಂದಿಗೆ ಹಳೆಯ ಸೀರೆಯ ಚಿಂದಿಯನ್ನು ಮೇಣದಲ್ಲಿ ಅದ್ದಿ ತುರುಕಿದಳು. ಬುಡಕ್ಕೆ ಜೇಡಿಮಣ್ಣು ಒತ್ತಿದಳು. ನಾನು ಕೈಯಾಡಿಸಿ ನೋಡಿದೆ. ಇರುವೆಗೂ ದಾರಿಯಿರಲಿಲ್ಲ. ಎಂಥ ಕೈ ಇವಳದು ಅಂದುಕೊಂಡೆ. ಇಡೀ ಊರಲ್ಲಿ ಅವಳಿಗಿಂತ ಚೆನ್ನಾಗಿ ನೀರು ಬಲ್ಲವರಿಲ್ಲ, ಆದರೂ ಅವಳಿಗಾಗಲಿ ನನಗಾಗಲಿ ಒಂದು ಸಣ್ಣ ವಿಷಯ ಹೊಳೆಯಲಿಲ್ಲ.

ಬಾಗಿಲು ಹೀಗೆ ಮುಚ್ಚುವ ಮೊದಲಿನ ದಿನಗಳಲ್ಲಿ ತಾರನದು ಒಂದೇ ಪ್ರಶ್ನೆ. ಬಾಗಿಲು ತಟ್ಟಿದ ಸದ್ದಾದರೆ ಸಾಕು, ಕೋಣೆಯಿಂದ ಅವಳ ದನಿ ಬರುತ್ತಿತ್ತು: "ಅತ್ತೇ, ಯಾರು? ನಮ್ಮಮ್ಮ ಬಂದ್ರಾ?" ಮಗು ಹುಟ್ಟಿದ ಸುದ್ದಿ ಕಳಿಸಿದ್ದೆವು, ಅದಕ್ಕೆ ಆ ಆಸೆ. ಈರಾಜಮ್ಮ ಗಟ್ಟಿಯಾಗಿ "ಹಾಲಿನೋಳು ಕಣೇ" ಅನ್ನುತ್ತಿದ್ದಳು, ಇಲ್ಲವೇ "ನರ್ಸಮ್ಮ ಕಣೇ" ಅನ್ನುತ್ತಿದ್ದಳು. ಮಗು ನೋಡಲು ಬಂದ ಹೆಂಗಸರಲ್ಲಿ ಒಬ್ಬಳು, ಬಾಯಿ ಸುಮ್ಮನಿರದೆ, "ತವರಿಂದ ಒಳಲೆ ಬರ್ಲಿಲ್ವಾ?" ಅಂತ ಕೇಳಿಬಿಟ್ಟಳು. ಮೊಮ್ಮಗುವಿಗೆ ಹಾಲು ಕುಡಿಸುವ ಬೆಳ್ಳಿಯ ಒಳಲೆ, ಆ ಪುಟ್ಟ ಮೂತಿಯ ಬಟ್ಟಲು, ತಾಯಿಯ ತಾಯಿಯೇ ತರಬೇಕು. ನಮ್ಮಲ್ಲಿ ಬೇರೆಯವರು ಕೊಡುವುದಿಲ್ಲ. ತಾರ ಗೋಡೆಯ ಕಡೆ ಮುಖ ತಿರುಗಿಸಿಕೊಂಡಳು. ಈರಾಜಮ್ಮ ಆ ಹೆಂಗಸಿಗೆ ಕಾಫಿಯನ್ನೂ ಕೊಡದೆ ಕಳಿಸಿದಳು. ಕೊಟ್ಟಿದ್ದರೆ ಅದನ್ನು ನಾನೇ ಚೆಲ್ಲುತ್ತಿದ್ದೆ.

ಒಂದು ಸಾಯಂಕಾಲ ಕಪ್ಪೆಗಳು ಸುಮ್ಮನಾದವು.

ಬೆಳಿಗ್ಗೆ ನಾನು ಒಂದು ಒಬ್ಬೆ ಇಡ್ಲಿ ಇಳಿಸಿ, ಒಲೆ ಆರಿಸಿ, ಅಕ್ಕಿ ಬೇಳೆ ಅಟ್ಟಕ್ಕೆ ಸೇರಿಸಿ ಕಾದೆ. ಹನಿಹನಿ ಮಳೆ ಇತ್ತು. ಕೆರೆಯಮ್ಮ ಬಂದಳು. ನನ್ನ ಪಡಸಾಲೆ ಹೊಕ್ಕು, ಒರಳುಕಲ್ಲನ್ನು ಸುತ್ತಿ, ದೇವರ ಗೂಡಿನ ಮುಂದೆ ಒಂದು ಕ್ಷಣ ನಿಂತು, ಹಿಂಬಾಗಿಲಿಗೆ ಬಂದಳು. ಕುಂಕುಮ ಬಿಟ್ಟೆ. "ಹೋಗಿ ಬಾ ತಾಯಿ. ಪಕ್ಕದ್ಮನೇಲಿ ಬಾಣಂತಿ ಮಲಗಿದಾಳೆ, ಬೇವಿನ ಸೊಪ್ಪು ಸಿಕ್ಸಿದಾರೆ, ಬೇಜಾರು ಮಾಡ್ಕೋಬೇಡ" ಅಂತಲೂ ಹೇಳಿದೆ. ಹೋದಳು. ನಾನು ಒರೆಸುವ ಬಟ್ಟೆ ಹಿಡಿದುಕೊಂಡೇ ಬೀದಿಗೆ ಬಂದು ನೋಡಿದೆ.

ಅವಳು ಈರಾಜಮ್ಮನ ಬಾಗಿಲ ಮುಂದೆ ನಿಂತಿದ್ದಳು. ಒಂದು ಗಳಿಗೆ ನಿಲ್ಲುತ್ತಾಳಲ್ಲ, ನಿಲ್ಲಲಿ ಅಂದುಕೊಂಡೆ. ಆ ಗಳಿಗೆ ಕಳೆಯಿತು. ಮುಂದೆ ಹೋಗಲಿಲ್ಲ. ಮೊಣಕಾಲಿನಷ್ಟಿದ್ದ ನೀರು ತೊಡೆಯಷ್ಟಾಯಿತು, ತೊಡೆಯಷ್ಟಿದ್ದದ್ದು ಸೊಂಟದಷ್ಟಾಯಿತು. ನನ್ನ ಜಗಲಿ ಒಣಗಿತ್ತು, ಆಚೆಯ ಮನೆಯ ರಂಗೋಲಿಯೂ ಕೆಟ್ಟಿರಲಿಲ್ಲ. ನಡುವೆ ಆ ಒಂದು ಬಾಗಿಲಿಗೆ ಮಾತ್ರ ನೀರು ಎದ್ದು ಒರಗಿಕೊಂಡಿತ್ತು. ಚಿಲಕದ ಬೇವಿನ ಸೊಪ್ಪು ತೇಲಿಹೋಯಿತು. ಕಬ್ಬಿಣದ ಚಿಲಕ ಅಲುಗಿ ಬಾಗಿಲಿಗೆ ಬಡಿಯುತ್ತಿತ್ತು, ಟಕ್ ಟಕ್, ಟಕ್ ಟಕ್.

ಬೀದಿಯವರೆಲ್ಲ ಹೊರಗೆ ಬಂದು ನಿಂತರು. ಆಗ ಜವರಪ್ಪ ಕೂಗಿದ: "ಭದ್ರಕ್ಕಾ, ಗೋಡೆ ನೋಡು!" ನೋಡಿದೆ. ಕೆಮ್ಮಣ್ಣಿನ ಗೆರೆಯ ಮೇಲೆ ಗಾರೆಯಿಲ್ಲ ಅಂದೆನಲ್ಲ, ಬರೀ ಮಣ್ಣು. ಆ ಮಣ್ಣಿನ ಗೋಡೆ ನೀರು ಕುಡಿದು ಕಪ್ಪಗಾಗುತ್ತ ಬರುತ್ತಿತ್ತು. ಗೋಡೆ ಬಿದ್ದರೆ ಸೊಂಟದೆತ್ತರದ ನೀರು ಒಂದೇ ಸಲಕ್ಕೆ ಒಳಗೆ ನುಗ್ಗುತ್ತದೆ. ಬಾಣಂತಿಯ ಕೋಣೆ ಅಲ್ಲಿಗೆ ನಾಲ್ಕು ಮಾರು.

ನಾನು ಹಿತ್ತಿಲ ಬೇಲಿ ಹಾರಿದೆ. ಈ ವಯಸ್ಸಿನಲ್ಲಿ ಹಾರಿದ್ದು ಹೇಗೆ ಅಂತ ಈಗಲೂ ತಿಳಿಯದು, ಸೀರೆ ಮಾತ್ರ ಹರಿದಿತ್ತು. ಒಳಗೆ ನಿಂಗರಾಜು ಸಿಕ್ಕಸಿಕ್ಕ ಮೂಟೆ, ದಿಂಬು, ತನ್ನ ಬ್ಯಾಂಡಿನ ಕೆಂಪು ಕೋಟು ಎಲ್ಲವನ್ನೂ ಬಾಗಿಲಿಗೆ ಒಟ್ಟುತ್ತಿದ್ದ. "ಅಮ್ಮಾ, ಹಿತ್ಲಿಂದ ಎತ್ಕೊಂಡು ಓಡೋಣ" ಅಂತ ಅಳುದನಿಯಲ್ಲಿ ಹೇಳುತ್ತಿದ್ದ.

"ಮಳೇಲಿ ಎಲ್ಲಿಗೋ ಎತ್ಕೊಂಡು ಹೋಗ್ತೀಯ? ಅಲ್ಲಾಡಿಸ್ಬಾರ್ದು ಅಂತ ನರ್ಸಮ್ಮ ಹೇಳಿಲ್ವಾ?" ಅಂದಳು ಈರಾಜಮ್ಮ. ಅವಳ ಒಂದು ಅಂಗೈ ಗೋಡೆಯ ಮೇಲಿತ್ತು. ಗೋಡೆ ಒಳಗಿನಿಂದಲೂ ತಣ್ಣಗಾಗಿತ್ತು.

ಟಕ್ ಟಕ್, ಟಕ್ ಟಕ್.

ಕೋಣೆಯಿಂದ ತಾರನ ದನಿ ಬಂತು. "ಅತ್ತೇ, ಎಷ್ಟೊತ್ತಿಂದ ಬಾಗ್ಲು ತಟ್ತಿದಾರೆ, ತೆಗೀರಿ. ನಮ್ಮಮ್ಮ ಬಂದ್ರಾ?"

ಈರಾಜಮ್ಮ ಬಾಯಿ ತೆರೆದಳು. ಹಾಲಿನೋಳು ಅನ್ನಲಿಲ್ಲ, ನರ್ಸಮ್ಮ ಅನ್ನಲಿಲ್ಲ. ನನ್ನ ಮುಖ ನೋಡಿದಳು, ಬಾಗಿಲು ನೋಡಿದಳು. ಆಮೇಲೆ ಹಣೆ ಹಣೆ ಚಚ್ಚಿಕೊಂಡಳು.

"ಭದ್ರೀ, ಎಂಥ ಕೆಲ್ಸ ಮಾಡ್ಬಿಟ್ವೇ! ಸತ್ತ ಮನೆ ಅಂದ್ರೆ ಅವಳು ಮುಂದಕ್ಕೆ ಹೋಗ್ತಾಳೆ. ಇದು ಹೆತ್ತ ಮನೆ ಕಣೇ. ಒಳಗೆ ಕೂಸಿದೆ ಅಂತ ಅವಳಿಗೆ ಗೊತ್ತು. ಕೂಸು ನೋಡಕ್ಕೆ ಬಂದೋಳ ಮುಖಕ್ಕೆ ಬಾಗ್ಲು ಹಾಕಿ, ಸಾವಿನ ಸೊಪ್ಪು ಸಿಕ್ಸಿದೀನಲ್ಲೇ. ನನ್ ಬುದ್ಧಿಗಿಷ್ಟು ಬೆಂಕಿ ಹಾಕ!"

ಹೌದಲ್ಲ ಅನ್ನಿಸಿತು ನನಗೆ. ಪುರುಡು ಅಂತ ಮಗು ನೋಡಲು ಬರುವ ಹೆಂಗಸರನ್ನು ನಾವು ಯಾವತ್ತಾದರೂ ಬಾಗಿಲಿನಿಂದ ಹಿಂದಕ್ಕೆ ಕಳಿಸಿದ್ದೇವೆಯೇ? ಒಳಲೆ ಕೇಳಿದ ಆ ಬಾಯಾಳಿಯನ್ನೂ ಒಳಗೆ ಬಿಟ್ಟುಕೊಂಡಿದ್ದೆವು.

ಆಮೇಲೆ ನಾನು ಕಂಡದ್ದು ನಿಜವಾದ ಈರಾಜಮ್ಮನನ್ನು. ಹೆದರಿಕೆ ಎಲ್ಲಿ ಹೋಯಿತೋ ಏನೋ. "ನಿಂಗ, ಆ ಮೂಟೆ ಎಲ್ಲ ತೆಗಿ. ಹಿಂಬಾಗ್ಲು ಪೂರ್ತಿ ತೆರಿ, ಮೋರಿ ಕಲ್ಲು ಎತ್ತು. ಭದ್ರಿ, ಅಗ್ಗಿಷ್ಟಿಕೆ ಗೂಡಿನ ಮೇಲಿಡು, ಹೊದಿಕೆ ಎಲ್ಲ ಮಂಚದ ಮೇಲಕ್ಕೆ ಎತ್ತಿ ಸಿಕ್ಸು, ಒಂದು ನೂಲೂ ಕೆಳಗೆ ಜೋತು ಬೀಳ್ಬಾರ್ದು." ತಾನು ತೊಟ್ಟಿಲ ಹಗ್ಗ ಎಳೆದು ಇನ್ನೂ ಒಂದು ಗಂಟು ಮೇಲಕ್ಕೆ ಬಿಗಿದಳು. ಒಂದು ಚೊಂಬು ನೀರು ತಂದು ಬಾಗಿಲ ಬುಡದಲ್ಲಿ ಸುರಿದಳು. ಹೊರಗೆ ಸೊಂಟದೆತ್ತರ ನೀರು ಒತ್ತುತ್ತಿದೆ, ಇವಳು ಒಂದು ಚೊಂಬು ನೀರಿನ ಹಿಂದೆ ಬಗ್ಗಿಕೊಂಡು ಹೋಗುತ್ತಿದ್ದಾಳೆ! ಆ ನೀರು ಎಲ್ಲೂ ನಿಲ್ಲದೆ ಹಿಂಬಾಗಿಲಿಗೆ ಹೋಗಿ ಇಳಿಯಿತು. "ದಾರಿ ಸರಿಯಾಗಿದೆ" ಅಂದಳು.

ಆಮೇಲೆ ಬಾಗಿಲಿಗೆ ಮುಖ ಹಚ್ಚಿ ಮಾತಾಡಿದಳು. ಬೈಯುವ ದನಿಯಲ್ಲ, ಬೇಡುವ ದನಿಯೂ ಅಲ್ಲ. ಮನೆಗೆ ಬಂದ ಹಿರಿಯಳ ಹತ್ತಿರ ಮಾತಾಡುವ ದನಿ. "ತಪ್ಪಾಯ್ತು ಕಣಮ್ಮ. ಗೊತ್ತಾಗ್ಲಿಲ್ಲ. ನಿನ್ನ ಹೊರಗೆ ನಿಲ್ಸಿದ್ದು ತಪ್ಪಾಯ್ತು. ಒಳಗೆ ಬಾ, ಕೂಸು ನೋಡು. ಆದ್ರೆ ಎಳೇ ಕೂಸು ಕಣಮ್ಮ, ತಂಡಿ ತಡಿಯಲ್ಲ. ಹೆತ್ತ ಮನೆಗೆ ಹೆಂಗೆ ಬರ್ಬೇಕು ಅಂತ ನಿನಗೆ ನಾನು ಹೇಳ್ಕೊಡ್ಬೇಕಾ?"

ನಾನು ಕಿಟಕಿಯಲ್ಲಿ ಇಣುಕಿದೆ. ಸೊಂಟದಷ್ಟಿದ್ದ ನೀರು ತೊಡೆಗಿಳಿಯಿತು, ಮೊಣಕಾಲಿಗಿಳಿಯಿತು, ಇನ್ನೂ ಇಳಿಯಿತು. ಈರಾಜಮ್ಮ ಚಿಂದಿಯನ್ನೆಲ್ಲ ಸರಸರ ಕಿತ್ತು ಅಗುಳಿ ತೆಗೆದಳು. ಹೊಸ್ತಿಲು ದಾಟಿ ಬಂದದ್ದು ಹೆಬ್ಬೆರಳು ಮುಳುಗುವಷ್ಟು ನೀರು. ಸೀರೆಯ ನೆರಿಗೆ ಎತ್ತಿ ಹಿಡಿದುಕೊಂಡು ಬಂದವಳ ಹಾಗೆ ಬಂದಳು. ನಡುಮನೆಯವರೆಗೆ ಬಂದು ಹಿಂಬಾಗಿಲಿಗೆ ಹೋಗದೆ ಬಾಣಂತಿ ಕೋಣೆಗೆ ತಿರುಗಿದಳು. ನಿಂಗರಾಜು "ಅಯ್ಯಯ್ಯೋ" ಅಂತ ಮುಂದೆ ನುಗ್ಗಿದ. ಈರಾಜಮ್ಮ ಅವನ ರಟ್ಟೆ ಹಿಡಿದಳು. "ಸುಮ್ನಿರೋ. ನೋಡ್ಲಿ."

ನೀರು ತೊಟ್ಟಿಲ ಕೆಳಗೆ ಬಂದು ನಿಂತಿತು. ಅಲುಗಾಟವಿಲ್ಲ. ಜಂತೆ, ಹಗ್ಗ, ತೊಟ್ಟಿಲ ತಳ ಎಲ್ಲ ಅದರಲ್ಲಿ ಕಾಣುತ್ತಿದ್ದವು. ಬೆಳಗಿನಿಂದ ಕುಂಯ್ ಕುಂಯ್ ಅನ್ನುತ್ತಿದ್ದ ಮಗು ಸುಮ್ಮನಾಯಿತು. ತಾರ ಮಂಚದ ಅಂಚಿನಿಂದ ಬಗ್ಗಿ ನೋಡಿದಳು. ಅವಳು ಹೊರಗಿನ ಊರಿನವಳು, ಕೆರೆಯಮ್ಮನನ್ನು ಇಷ್ಟು ಹತ್ತಿರದಿಂದ ಕಂಡಿರಲಿಲ್ಲ. ಹೆದರಿ ಕಿರುಚುತ್ತಾಳೆ ಅಂದುಕೊಂಡೆ. ಅವಳು ಸಣ್ಣ ದನಿಯಲ್ಲಿ ಕೇಳಿದ್ದು ಒಂದೇ ಮಾತು.

"ಬಂದ್ಯಾ?"

ನಿಂಗರಾಜು ಗೋಡೆಗೆ ಮುಖ ಹಚ್ಚಿ ಅತ್ತ. ಈರಾಜಮ್ಮ ಕುಂಕುಮದ ಭರಣಿ ತಂದು ಸೊಸೆಯ ಮುಂದೆ ಹಿಡಿದಳು. "ನೀನೇ ಕೊಡು. ನಿನ್ನ ನೋಡಕ್ಕೆ ಬಂದೋಳು."

"ನಂಗೆ ಪುರುಡಲ್ವಾ ಅತ್ತೆ?"

"ಅವಳಿಗಿಲ್ಲದ ಪುರುಡು ನಿಂಗೆಲ್ಲಿಂದ ಬಂತು? ಕೊಡು."

ತಾರ ಮಂಚದ ಮೇಲಿನಿಂದಲೇ ಚಿಟಿಕೆ ಬಿಟ್ಟಳು. "ಹೋಗಿ ಬಾ ಅಮ್ಮ" ಅಂದಳು. ನಮ್ಮ ಹಾಗೆ ತಾಯಿ ಅನ್ನಲಿಲ್ಲ, ಅಮ್ಮ ಅಂದಳು. ನೀರು ಕೋಣೆಯಿಂದ ಹಿಂದೆ ಸರಿದು, ನಡುಮನೆ ದಾಟಿ, ಹಿಂಬಾಗಿಲು ಇಳಿದು ಹೋಯಿತು.

ಈರಾಜಮ್ಮ ಒಂದು ನಿಮಿಷವೂ ಕೂರಲಿಲ್ಲ. ಕೋಣೆಯ ಗೋಡೆ ಕುಟ್ಟುತ್ತ ಬಂದಳು, ಅದರ ಮೇಲೆ ಅಂಗೈ ಆಡಿಸಿದಳು, ಮೂಲೆಗಳಿಗೆ ಮೂಗು ಹಚ್ಚಿ ಮೂಸಿದಳು. ಒಣಗಿತ್ತು. ಬಟ್ಟೆಯಲ್ಲಿ ನೆಲ ಒರೆಸಲು ಹೋದ ನಾನು ಒರೆಸಲು ಏನೂ ಇಲ್ಲದೆ ನಿಂತೆ. ಅಷ್ಟು ಹುಷಾರಾಗಿ ಬಂದು ಹೋಗಿದ್ದಳು. ಆಗ ಈರಾಜಮ್ಮ ತೊಟ್ಟಿಲ ಕೆಳಗೆ ಬಗ್ಗಿ ಏನನ್ನೋ ಎತ್ತಿಕೊಂಡಳು. ಪಾಚಿ ಹಿಡಿದು ಕಪ್ಪಾಗಿತ್ತು. ಸೆರಗಿನಲ್ಲಿ ತಿಕ್ಕಿದಳು. ಬೆಳ್ಳಿ ಮಿನುಗಿತು. ಪುಟ್ಟ ಬಟ್ಟಲು, ಅದಕ್ಕೊಂದು ಪುಟ್ಟ ಮೂತಿ.

ಒಳಲೆ. ಯಾವ ಕಾಲದಲ್ಲಿ ಯಾವ ತಾಯಿ ಕೆರೆಯ ಮೆಟ್ಟಿಲಲ್ಲಿ ತೊಳೆಯುತ್ತ ಕೈ ಜಾರಿ ಬಿಟ್ಟಿದ್ದಳೋ, ಇಷ್ಟು ವರ್ಷ ಕೆರೆಯಮ್ಮನ ಹತ್ತಿರ ಇತ್ತು.

ಈರಾಜಮ್ಮ ಅದನ್ನು ತಾರನ ಅಂಗೈಯಲ್ಲಿಟ್ಟಳು. ತಾರ ನೋಡಿದಳು, ಎದೆಗೆ ಒತ್ತಿಕೊಂಡಳು, ಬಿಕ್ಕಿಬಿಕ್ಕಿ ಅತ್ತಳು. "ಬಾಣಂತಿ ಅಳ್ಬಾರ್ದು ಕಣೇ, ತಲೆನೋವು ಬರುತ್ತೆ, ಸುಮ್ನಿರು" ಅಂತ ಗದರಿಸುತ್ತಿದ್ದ ಈರಾಜಮ್ಮನ ಮೂಗಿನ ತುದಿಯಿಂದ ಕಣ್ಣೀರು ತೊಟ್ಟಿಕ್ಕುತ್ತಿತ್ತು. ಆ ನೀರನ್ನು ತಡೆಯಲು ಅವಳಿಗೂ ಬರಲಿಲ್ಲ. ಆಮೇಲೆ ಹುಣಸೆಹಣ್ಣು ಬೂದಿ ಹಾಕಿ ಒಳಲೆ ಬೆಳಗಿ, ಕುದಿಯುವ ನೀರಿನಲ್ಲಿ ತೊಳೆದು, ಅವತ್ತೇ ಮಗುವಿಗೆ ಹಾಲು ಕುಡಿಸಿದೆವು. ಬತ್ತಿಯಿಂದ ಚೀಪಲಾಗದ ಕೂಸು ಒಳಲೆಯ ಮೂತಿಗೆ ಗುಟುಕು ಗುಟುಕಾಗಿ ಕುಡಿಯಿತು. ನರ್ಸ್ ಫಿಲೋಮಿನಮ್ಮ ಬಂದು ಮಗುವಿನ ಎದೆಗೆ ಕಿವಿಯಿಟ್ಟು ಕೇಳಿ, "ಚೆನ್ನಾಗಿದೆ" ಅಂದರು. ಅಲ್ಲಿಂದೀಚೆಗೆ ನಮ್ಮೂರಲ್ಲಿ ಹೆತ್ತ ಮನೆಯ ಬಾಗಿಲು ಯಾರೂ ಹಾಕುವುದಿಲ್ಲ.

ಮುಂದಿನ ವರ್ಷ ಶ್ರಾವಣದಲ್ಲಿ ಕಪ್ಪೆಗಳು ಸುಮ್ಮನಾದ ಮಾರನೆಯ ಬೆಳಿಗ್ಗೆ ನಾನು ಬೀದಿಗೆ ನೀರು ಹಾಕಲು ಎದ್ದು ಬಂದರೆ, ಪಕ್ಕದ ಹೊಸ್ತಿಲಲ್ಲಿ ಆಗಲೇ ತಾರ ಕೂತಿದ್ದಳು. ತಲೆಗೆ ಎರೆದುಕೊಂಡು, ಹೂ ಮುಡಿದು, ಮದುವೆಯ ಸೀರೆ ಉಟ್ಟಿದ್ದಳು. ಮಗು ಅವಳ ತೊಡೆಯ ಮೇಲೆ ಗುಂಡಗೆ ಕೂತು, ಒಳಲೆಯನ್ನು ಹೊಸ್ತಿಲಿಗೆ ಕುಟ್ಟುತ್ತಿತ್ತು. ಒಳಗೆ ಈರಾಜಮ್ಮ ಚೊಂಬು ಹಿಡಿದು ನಿಂಗರಾಜುವಿಗೆ ಮೋರಿಯ ವಿಷಯದಲ್ಲಿ ಬೈಯುತ್ತಿದ್ದುದು ಬೀದಿಗೆಲ್ಲ ಕೇಳಿಸುತ್ತಿತ್ತು.

"ಏನಮ್ಮ ತಾರ, ಎಲ್ಲಿಗೆ ಸವಾರಿ?" ಅಂತ ಕಿಚಾಯಿಸಿದೆ.

"ಎಲ್ಲಿಗೂ ಇಲ್ಲ ಭದ್ರಕ್ಕ. ಅಮ್ಮ ಬರೋ ದಿನ ಅಲ್ವಾ" ಅಂದಳು.

ಕೆರೆಯಮ್ಮ ದಿಬ್ಬ ಹತ್ತಿ ಬಂದಳು. ನಾನು ವರ್ಷವರ್ಷದ ಹಾಗೆ ಬಾಗಿಲು ಅಗಲ ತೆರೆದು, ಸೆರಗು ಹೊದ್ದು ನಿಂತೆ. ಅವಳು ನನ್ನ ಜಗಲಿಯ ಪಕ್ಕದಲ್ಲೇ ಹಾದು, ಒಳಗೆ ತಿರುಗಿಯೂ ನೋಡದೆ, ನೇರ ತಾರನ ಹೊಸ್ತಿಲಿಗೆ ಹೋದಳು. ನನಗೆ ಮೈಯೆಲ್ಲ ಉರಿದುಹೋಯಿತು. ಮೊದಲನೆಯ ಮನೆ ನನ್ನದು, ಇಷ್ಟು ವರ್ಷ ಮೊದಲ ಕುಂಕುಮ ನನ್ನದು, ಇದೇನು ಅನ್ಯಾಯ ಅಂತ ಬೀದಿಗಿಳಿದು ಕೇಳಿಯೇಬಿಡೋಣ ಅಂತ ಸೊಂಟಕ್ಕೆ ಸೆರಗು ಸಿಕ್ಕಿಸಿದೆ. ಅಷ್ಟರಲ್ಲಿ ತಾರ ನಕ್ಕ ಸದ್ದು ಕೇಳಿಸಿತು, ಮಗು ನೀರು ಬಡಿದು ಕೇಕೆ ಹಾಕಿದ ಸದ್ದೂ ಕೇಳಿಸಿತು. ಸೆರಗು ಬಿಟ್ಟೆ. ಊರಿಗೆ ಬಂದ ತಾಯಿ ಮೊದಲು ಮಗಳ ಮನೆಗೆ ಹೋಗದೆ ಇಡ್ಲಿ ಭದ್ರಿಯ ಮನೆಗೆ ಬರುತ್ತಾಳೆಯೇ? ಜಗಲಿಯ ಮೇಲೆ ಕೂತು, ನನ್ನ ಸರದಿಗೆ ಕಾದೆ.